ಒಂದು ದಿನ ಜಾಸ್ತಿ ಸಿಕ್ಕ ವಾರ

ಭಾನುವಾರ, 3 ಮಾರ್ಚ್ 2024
ಮುಂಬೈ

ಇವತ್ತು ರಜೆ. ಆದರೂ ಬೆಳಿಗ್ಗೆ ಶಾಲೆಗೆ ಹೋಗಿ ಬಂದೆ. ಕೆಳಗಿನ ಮಹಡಿಯಲ್ಲಿ ಪೋಲಿಯೊ ಬೂತ್ ಹಾಕಿದ್ದರು. ನನಗೆ ಡ್ಯೂಟಿ ಏನೂ ಇರಲಿಲ್ಲ, ನಿನ್ನೆ ನಮ್ಮ ಮಕ್ಕಳು ಗಲ್ಲಿ ಗಲ್ಲಿ ಸುತ್ತಿ ಗಂಟಲು ಕಟ್ಟುವಷ್ಟು ಕೂಗಿ ಕರೆದಿದ್ದರಲ್ಲ, ಎಷ್ಟು ಜನ ಬರುತ್ತಾರೆ ನೋಡೋಣ ಅಂತ ಹೋದೆ. ತುಂಬಾ ಜನ ಬಂದಿದ್ದರು. ಸಾಲಿನಲ್ಲಿ ನನ್ನ ಎರಡನೇ ತರಗತಿಯ ಹುಡುಗಿಯೂ ಇದ್ದಳು, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು. ಎರಡು ಹನಿ ಹಾಕಿಸಿ, ಅವನ ಎಡಗೈ ಕಿರುಬೆರಳಿಗೆ ಮಸಿ ಹಚ್ಚಿಸಿಕೊಂಡು, ಸೀದಾ ನನ್ನ ಹತ್ತಿರ ಬಂದು ಆ ಬೆರಳನ್ನು ಎತ್ತಿ ತೋರಿಸಿದಳು. ಅವನು ಇನ್ನೂ ಅಳುತ್ತಿದ್ದ. ಅವಳ ಮುಖದಲ್ಲಿ ಮಾತ್ರ ದೊಡ್ಡ ಕೆಲಸ ಮುಗಿಸಿದ ಕಳೆ.

ಈ ವಾರ ಪೂರ್ತಿ ಈ ಹುಡುಗಿಯದೇ ಅಂತ ನನಗೆ ಅನ್ನಿಸಿದೆ. ಹೆಸರು ಬರೆಯುವುದಿಲ್ಲ.

ಹೊಸದಾಗಿ ಓದುವವರಿಗೆ ನಮ್ಮ ಶಾಲೆಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್, ಗುಜರಾತಿ, ತಮಿಳು, ತೆಲುಗು, ಜೊತೆಗೆ ನಮ್ಮ ಕನ್ನಡ. ಒಂದೇ ಕಟ್ಟಡದಲ್ಲಿ ಮೂರು ನಾಲ್ಕು ಭಾಷೆಯ ಶಾಲೆಗಳು ಇರುವುದು ಇಲ್ಲಿ ಮಾಮೂಲು. ನಮ್ಮದು ಮೂರನೇ ಮಹಡಿ. ನಾನು ಮೂಲದಲ್ಲಿ ಉಡುಪಿ ಕಡೆಯವಳು, ನನ್ನ ತರಗತಿಯ ಮಕ್ಕಳೆಲ್ಲ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ಅಪ್ಪ ಅಮ್ಮಂದಿರು ಬೆಳಿಗ್ಗೆ ನಾಕಾದಲ್ಲಿ, ಅಂದರೆ ಕೂಲಿಯವರು ಸೇರುವ ಚೌಕದಲ್ಲಿ, ನಿಂತು ಕಟ್ಟಡದ ಕೆಲಸಕ್ಕೆ ಹೋಗುವವರು. ಅವರು ನನ್ನನ್ನು ಅಕ್ಕೋರು ಅನ್ನುತ್ತಾರೆ, ಶಾಲೆಯನ್ನು ಸಾಲಿ ಅನ್ನುತ್ತಾರೆ. ಏಳು ವರ್ಷದಲ್ಲಿ ನನ್ನ ಬಾಯಿಗೂ ಸಾಲಿ ಅಂತಲೇ ಬರತೊಡಗಿದೆ.

ಸೋಮವಾರ ಓದಿಸುವ ದಿನ. ಒಬ್ಬೊಬ್ಬರನ್ನೇ ಹತ್ತಿರ ಕೂರಿಸಿಕೊಂಡು ಓದಿಸಿ ಬರೆದುಕೊಳ್ಳಬೇಕು. ಮೂರನೇ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವಿಗೂ ಅರ್ಥ ಮಾಡಿಕೊಂಡು ಓದಲು, ಸಣ್ಣ ಲೆಕ್ಕ ಮಾಡಲು ಬರಬೇಕು ಅಂತ 2021ರಲ್ಲಿ ನಿಪುಣ್ ಭಾರತ್ ಶುರುವಾಯಿತಲ್ಲ, 2026-27ರ ಗುರಿ ಇಟ್ಟುಕೊಂಡು, ಅದರ ಕೆಲಸ ಇದು. ಇಪ್ಪತ್ತನಾಲ್ಕು ಮಕ್ಕಳಲ್ಲಿ ಹನ್ನೊಂದು ಜನಕ್ಕೆ ಇನ್ನೂ ಒತ್ತಕ್ಷರ ಹಿಡಿದಿಲ್ಲ. ಈ ಹುಡುಗಿ ಹಕ್ಕಿಯನ್ನು ಹಕಿ ಅಂದಳು, ಅಜ್ಜಿಯನ್ನು ಅಜಿ ಅಂದಳು, ರೊಟ್ಟಿಯನ್ನು ರೊಟಿ ಅಂದಳು. ಮಾತಾಡುವಾಗ ಮೂರನ್ನೂ ಸರಿಯಾಗಿಯೇ ಅನ್ನುತ್ತಾಳೆ. ಪುಸ್ತಕ ನೋಡಿದ ಕೂಡಲೇ ಕೆಳಗಿನ ಅಕ್ಷರ ಕಣ್ಣಿಗೆ ಬೀಳುವುದೇ ಇಲ್ಲ. ಮೇಲಿಂದ ಮೇಲೆ ಓದಿಕೊಂಡು ಹೋಗಿಬಿಡುತ್ತಾಳೆ. ನಾಲ್ಕೈದು ಸಲ ತಿದ್ದಿದೆ. ಸುಮ್ನೆ ತಲೆಯಾಡಿಸಿದಳು, ಆರನೇ ಸಲ ಮತ್ತೆ ಹಕಿ.

ಮಂಗಳವಾರ, 27ನೇ ತಾರೀಖು, ಮರಾಠಿ ಭಾಷಾ ಗೌರವ ದಿನ. ಮರಾಠಿ ಕವಿ ಕುಸುಮಾಗ್ರಜರ ಹುಟ್ಟುಹಬ್ಬ, ಅವರು ಹುಟ್ಟಿದ್ದು 1912ರಲ್ಲಿ, ಪುಣೆಯಲ್ಲಿ. ಕೆಳಗಿನ ಮಹಡಿಯ ಮರಾಠಿ ಶಾಲೆಯವರು ನಮ್ಮನ್ನೂ ಕರೆದಿದ್ದರು. ನಮ್ಮ ಮಕ್ಕಳಿಗೂ ಮರಾಠಿ ಇದೆ, 2020ರ ಕಾನೂನಿನ ಮೇಲೆ ಇಲ್ಲಿ ಎಲ್ಲ ಶಾಲೆಗೂ ಕಡ್ಡಾಯ. ನಾನು ಮತ್ತು ಅಲ್ಲಿಯ ಟೀಚರ್ ಸೇರಿ ಎರಡೂ ಭಾಷೆಯ ಮಾತುಗಳನ್ನು ಪಕ್ಕಪಕ್ಕ ಬರೆದೆವು. ನಮ್ಮ ತುಪ್ಪ ಅವರ ತೂಪ್, ನಮ್ಮ ಅಡಕೊತ್ತು ಅವರ ಅಡಕಿತ್ತಾ. ಕಾಳಜಿ ಇಬ್ಬರದೂ ಒಂದೇ. ಆಮೇಲೆ ಬಂತು ಬಾಯಿ. ಮರಾಠಿ ಮಕ್ಕಳು ತಮ್ಮ ಟೀಚರನ್ನು ಕರೆಯುವುದೇ ಬಾಯಿ ಅಂತ. ನಮ್ಮ ಹುಡುಗನೊಬ್ಬ ಎದ್ದು ತನ್ನ ಬಾಯಿ ತೆರೆದು ಬೆರಳಿಟ್ಟು ತೋರಿಸಿದ, ನಮ್ಮಲ್ಲಿ ಇದು ಬಾಯಿ ಅಂತ. ಇಡೀ ಕೋಣೆ ನಕ್ಕಿತು. ಅವರಿಗೆ ತಾಯಿ ಅಂದರೆ ಅಕ್ಕ, ನಮಗೆ ಅಮ್ಮ. ಕೇಳು ಅಂದರೆ ನಮ್ಮವರು ಕಿವಿ ಹಿಡಿದರು, ಅವರಿಗೆ ಬಾಳೆಹಣ್ಣು ನೆನಪಾಯಿತು. ಬೇಂದ್ರೆ ಅಜ್ಜನ ಮನೆಮಾತು ಮರಾಠಿ, ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಮಾಡಿದವರು, ಬರೆದದ್ದು ಕನ್ನಡದಲ್ಲಿ, 1973ರಲ್ಲಿ ಅವರಿಗೆ ಜ್ಞಾನಪೀಠ ಬಂತು ಅಂತ ನಾನು ಹೇಳಿದೆ. ಕುಸುಮಾಗ್ರಜರಿಗೆ 1987ರ ಸಾಲಿನದು ಅಂತ ಆ ಟೀಚರ್ ಹೇಳಿದರು. ಸಣ್ಣ ಮಕ್ಕಳಿಗೆ ಜ್ಞಾನಪೀಠ ಅಂದರೆ ಏನೂ ತಿಳಿಯಲ್ಲ, ಆದರೆ ಸೊಲ್ಲಾಪುರ ಗೊತ್ತು. ಊರಿಗೆ ಹೋಗುವಾಗ ರೈಲು ಅಲ್ಲಿ ನಿಲ್ಲುತ್ತದಲ್ಲ! ಕೊನೆಗೆ ಮರಾಠಿ ಮಕ್ಕಳು ನಮ್ಮವರ ಹೆಸರನ್ನು ದೇವನಾಗರಿಯಲ್ಲಿ ಚೀಟಿ ಮೇಲೆ ಬರೆದುಕೊಟ್ಟರು, ನಮ್ಮವರು ಅವರ ಹೆಸರನ್ನು ಕನ್ನಡದಲ್ಲಿ. ಈ ಹುಡುಗಿ ಆ ಚೀಟಿಯನ್ನು ಕಂಪಾಸಿನಲ್ಲಿ ಇಟ್ಟುಕೊಂಡಿದ್ದಾಳೆ, ಇನ್ನೂ ಇದೆ.

ಬುಧವಾರ ವಿಜ್ಞಾನ ದಿನ. 1928ರ ಫೆಬ್ರವರಿ 28ಕ್ಕೆ ಸಿ. ವಿ. ರಾಮನ್ ತಮ್ಮ ಶೋಧವನ್ನು ಹೇಳಿದರು, 1930ರಲ್ಲಿ ನೊಬೆಲ್ ಬಂತು. ಎರಡನೇ ತರಗತಿಗೆ ರಾಮನ್ ಪರಿಣಾಮ ಕಲಿಸಲು ಆಗಲ್ಲ, ಕಲಿಸಲು ಹೋಗಲೂಬಾರದು. ಆದರೆ ಅವರು 1921ರಲ್ಲಿ ಹಡಗಿನಲ್ಲಿ ಬರುವಾಗ ಸಮುದ್ರ ಯಾಕೆ ನೀಲಿ ಅಂತ ಯೋಚಿಸಿದ್ದರಲ್ಲ, ಆ ಪ್ರಶ್ನೆ ನಮ್ಮ ಮಕ್ಕಳದೂ ಹೌದು. ಗಾಜಿನ ಲೋಟದಲ್ಲಿ ನೀರು ತುಂಬಿ, ಕೆಳಗಿನ ಚಹಾ ಅಂಗಡಿಯಿಂದ ತಂದ ಹಾಲನ್ನು ನಾಲ್ಕು ಹನಿ ಬಿಟ್ಟು, ಕಿಟಕಿಗೆ ಚಾದರ್ ಕಟ್ಟಿ ಕತ್ತಲು ಮಾಡಿ, ಒಂದು ಬದಿಯಿಂದ ಮೊಬೈಲ್ ಟಾರ್ಚ್ ಹಿಡಿದೆ. ಪಕ್ಕದಿಂದ ನೋಡಿದರೆ ನೀರು ತೆಳು ನೀಲಿ, ಟಾರ್ಚಿನ ಎದುರು ನಿಂತು ನೋಡಿದರೆ ಬೆಳಕು ಹಳದಿ. ಹಾಲಿನ ಸಣ್ಣ ಸಣ್ಣ ಕಣಗಳು ನೀಲಿ ಬೆಳಕನ್ನು ಜಾಸ್ತಿ ಚೆದುರಿಸುತ್ತವೆ, ಹಳದಿ ಕೆಂಪು ನೇರ ದಾಟಿ ಹೋಗುತ್ತದೆ. ಸಂಜೆ ಸೂರ್ಯ ಕೆಂಪಾಗುವುದೂ ಹೀಗೇ. ಎರಡು ಕಡೆಯಿಂದಲೂ ನೋಡಲಿ ಅಂತ ಸಾಲು ಮಾಡಿಸಿದೆ. ಎಷ್ಟೋ ಜನ ಸುತ್ತಿ ಬಂದು ಮತ್ತೆ ಸಾಲಿನ ಕೊನೆಗೆ ಸೇರಿಕೊಂಡರು. ಊಟದ ಬೆಲ್ ಹೊಡೆದರೂ ಯಾರೂ ಎದ್ದು ಹೋಗಲಿಲ್ಲ, ಖಿಚಡಿ ಆರಿಹೋಯಿತು ಅಂತ ಊಟ ಬಡಿಸುವ ಅಕ್ಕ ಮೇಲೆ ಬಂದು ಕರೆದುಕೊಂಡು ಹೋಗಬೇಕಾಯಿತು.

ಈಗ ಗುರುವಾರ. ಫೆಬ್ರವರಿ 29.

ನಮ್ಮ ಮಕ್ಕಳ ಅಪ್ಪಂದಿರಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1. ತಾರೀಖು ಗೊತ್ತಿಲ್ಲದವರಿಗೆ ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದದ್ದು. ಈಗಿನ ಮಕ್ಕಳಿಗೆ ಹಾಗಲ್ಲ, ಹೆಚ್ಚಿನವರು ಆಸ್ಪತ್ರೆಯಲ್ಲಿ ಹುಟ್ಟಿದವರು, ಕಾಗದ ಇದೆ. ಇವಳ ಕಾಗದದಲ್ಲಿ 29 ಫೆಬ್ರವರಿ 2016. ಜೂನ್‌ನಲ್ಲಿ ಹಾಜರಿ ಪುಸ್ತಕ ಬರೆಯುವಾಗಲೇ ನೋಡಿ ನೆನಪಿಟ್ಟುಕೊಂಡಿದ್ದೆ. ಅವಳ ಅಮ್ಮ ಒಮ್ಮೆ ಹೇಳಿದ್ದರು, “ಕ್ಯಾಲೆಂಡರದಾಗ ಆ ದಿನಾನ ಇರಂಗಿಲ್ರಿ ಅಕ್ಕೋರೆ, ಅದಕ್ಕ ನಾವು ಮಾಡಂಗಿಲ್ರಿ.” ನಾಲ್ಕು ವರ್ಷದ ಹಿಂದಿನದು ಅವಳಿಗೆ ನೆನಪಿಲ್ಲ. ಹಾಗಾಗಿ ಎಂಟು ವರ್ಷ ತುಂಬಿದ ಹುಡುಗಿಗೆ ಇದು ಎರಡನೇ ಹುಟ್ಟುಹಬ್ಬ, ನೆನಪಿನಲ್ಲಿ ಉಳಿಯುವ ಮೊದಲನೆಯದು.

ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್ ಕೆಳಗಿಳಿಸಿ ಎಲ್ಲರಿಗೂ 29ರ ಮನೆ ತೋರಿಸಿದೆ. ಈ ದಿನ ಎಲ್ಲಿಂದ ಬಂತು? ಭೂಮಿ ಸೂರ್ಯನ ಸುತ್ತ ಒಂದು ಸುತ್ತು ಬರಲು 365 ದಿನ, ಅದರ ಮೇಲೆ ಸುಮಾರು 6 ಗಂಟೆ. 6 ಗಂಟೆ ಅಂದರೆ ಕಾಲು ದಿನ. ಕಾಲು ಅಂದರೆ ಏನು ಅಂತ ತೋರಿಸಲು ಒಬ್ಬನ ಡಬ್ಬಿಯಿಂದ ಜೋಳದ ರೊಟ್ಟಿ ಇಸಿದುಕೊಂಡು ನಾಲ್ಕು ಚೂರು ಮಾಡಿದೆ. ನಾಲ್ಕು ಮಕ್ಕಳನ್ನು ನಿಲ್ಲಿಸಿ, ನೀನು 2021, ನೀನು 2022, ನೀನು 2023, ನೀನು 2024 ಅಂತ ಒಬ್ಬೊಬ್ಬರ ಕೈಗೆ ಒಂದೊಂದು ಚೂರು ಕೊಟ್ಟೆ. ನಾಲ್ಕನ್ನೂ ತಟ್ಟೆಗೆ ಹಾಕಿ ಜೋಡಿಸಿದಾಗ ಒಂದು ಇಡೀ ರೊಟ್ಟಿ ಆಯಿತು. ಅದನ್ನು ಅವಳ ಕೈಗೆ ಕೊಟ್ಟು, ಇದು ನಿನ್ನ ದಿನ ಅಂದೆ. ಅವಳು ತಿನ್ನಲಿಲ್ಲ, ತಟ್ಟೆ ಹಿಡಿದುಕೊಂಡೇ ಕೂತಳು.

ಬೋರ್ಡಿನ ಮೇಲೆ ಹುಟ್ಟುಹಬ್ಬ ಅಂತ ಬರೆದು ಓದು ಅಂದೆ. ಎರಡು ಒತ್ತು ಇರುವ ಮಾತು, ಹುಟುಹಬ ಅಂತಾಳೆ ಅಂತ ನಾನು ಕಾದೆ. ತುಂಬಾ ಹೊತ್ತು ನೋಡಿದಳು. ಬೋರ್ಡಿನ ಹತ್ತಿರ ಬಂದು ಟ್ಟು ಅಕ್ಷರದ ಕೆಳಗೆ ಬೆರಳಿಟ್ಟು ಕೇಳಿದಳು, “ಟೀಚರ್ರೀ, ಈ ಟ ತನ್ನ ತಮ್ಮನ್ನ ಹೊತ್ಕೊಂಡೈತೇನ್ರಿ?” ಹೌದು ಅಂದೆ. “ಹಂಗಾದ್ರ ಇಬ್ಬರನೂ ಕರೀಬೇಕು,” ಅಂದಳು. ಆಮೇಲೆ ನಿಧಾನಕ್ಕೆ, ತಪ್ಪಿಲ್ಲದೆ, ಹುಟ್ಟುಹಬ್ಬ ಅಂತ ಓದಿದಳು. ಆರು ತಿಂಗಳಿಂದ ನಾನು ಹೇಳುತ್ತಿದ್ದದ್ದು ಅವಳ ಸೊಂಟದ ಮೇಲೆಯೇ ಇತ್ತು, ಅಲ್ವಾ? ನನಗೆ ಕಣ್ಣು ತುಂಬಿ ಬಂತು. ಈಗ ಇಡೀ ತರಗತಿಯೇ ಒತ್ತಕ್ಷರವನ್ನು ತಮ್ಮ ಅನ್ನುತ್ತದೆ. ಅವಳ ಅಮ್ಮ ಕಳಿಸಿದ ಶೇಂಗಾ ಉಂಡಿ ಹಂಚಿದೆವು, ಕೆಳಗಿನ ಮರಾಠಿ ತರಗತಿಗೂ ಕೊಟ್ಟೆವು.

ಶುಕ್ರವಾರ ಪಾಲಕರ ಸಭೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು ಇರಬೇಕು, ಅರ್ಧದಷ್ಟು ಹೆಂಗಸರು. ನಮ್ಮಲ್ಲಿ ಹೆಂಗಸರೇ ಜಾಸ್ತಿ ಬರುತ್ತಾರೆ, ಕೆಲಸ ಮುಗಿಸಿ, ಕೈಯಲ್ಲಿ ಸಿಮೆಂಟ್ ಇನ್ನೂ ಒಣಗದಿರುವಾಗಲೇ. ನೀರಿನ ಫಿಲ್ಟರ್, ಮೆಟ್ಟಿಲ ಲೈಟು, ಅವೆಲ್ಲ ಬೇಗ ಮುಗಿಯಿತು. ಮುಗಿಯದ್ದು ಊರಿನ ಮಾತು. ಮಾರ್ಚ್ 25ಕ್ಕೆ ಹೋಳಿ, ಅದಾದ ಕೆಲವೇ ದಿನಕ್ಕೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆ, ಏಪ್ರಿಲ್ 9ಕ್ಕೆ ಯುಗಾದಿ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋದವರು ಜೂನ್ ತನಕ ಬರುವುದಿಲ್ಲ. ನಮ್ಮ ಪರೀಕ್ಷೆ ಇರುವುದು ಏಪ್ರಿಲ್‌ನಲ್ಲಿ. ಅಲ್ಲಿ ಊರಿನ ಸಾಲಿಗೆ ಕಳಿಸೋಣ ಅಂದರೆ ಅಲ್ಲಿಯ ಪುಸ್ತಕ ಬೇರೆ, ನಮ್ಮದು ಪುಣೆಯ ಬಾಲಭಾರತಿಯ ಕನ್ನಡ ಪುಸ್ತಕ. ಅಲ್ಲಿ ಆ ಹೊತ್ತಿಗೆ ಪರೀಕ್ಷೆ ಮುಗಿದು ರಜೆ ಬೇರೆ. ಮೂರು ತಿಂಗಳು ಪುಸ್ತಕ ಮುಟ್ಟದ ಮಗು ಜೂನ್‌ನಲ್ಲಿ ಬಂದಾಗ ಮತ್ತೆ ಹಕಿ, ಅಜಿ. ಪ್ರತಿ ವರ್ಷ ಇದನ್ನು ನೋಡುತ್ತೇನೆ, ಪ್ರತಿ ವರ್ಷ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಪರೀಕ್ಷೆ ಮುಗಿಸಿ ಹೋಗಿ ಅಂದೆ. ಇವಳ ಅಪ್ಪ ಎದ್ದು ನಿಂತು ಕೇಳಿದರು, “ಬ್ಯಾಸಿಗ್ಯಾಗ ಇಲ್ಲಿ ಕೆಲಸ ಇಲ್ಲಂದ್ರ ಖೋಲಿ ಬಾಡಿಗಿ ಹ್ಯಾಂಗ ಕೊಡೂದ್ರಿ? ಕೂಸಿನ್ನ ಯಾರ ಕೈಯಾಗ ಬಿಟ್ಟು ಹೋಗೂಣು?” ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವಳ ಅಮ್ಮನೇ ದಾರಿ ತೆಗೆದರು. ಹೋಗಲೇಬೇಕಾಗಿ ಬಂದರೆ ಪುಸ್ತಕ ಒಯ್ಯುತ್ತೇವೆ, ದಿನಾ ಸಂಜೆ ಓದಿಸಿ ನಿಮ್ಮ ಫೋನಿಗೆ ಕಳಿಸುತ್ತೇನೆ ಅಂದರು. ಅವರಿಗೆ ಓದಲು ಬರಲ್ಲ, ವಾಟ್ಸಾಪ್‌ನಲ್ಲಿ ಧ್ವನಿ ಕಳಿಸಲು ಬರುತ್ತದೆ. ಇನ್ನೂ ಒಂಬತ್ತು ಜನ ಅಮ್ಮಂದಿರು ನಾವೂ ಮಾಡುತ್ತೇವೆ ಅಂದರು.

ಶನಿವಾರ ಪ್ರಭಾತ್ ಫೇರಿ, ಮಕ್ಕಳು ಗಲ್ಲಿ ಸುತ್ತಿ ಕೂಗಿ ಕರೆದದ್ದು, ಅದನ್ನು ಮೊದಲೇ ಹೇಳಿದೆ. ಒಬ್ಬ ಅಜ್ಜಿ ತಡೆದು ಕೇಳಿದರು, ಪೋಲಿಯೊ ಹೋಗಿ ಎಷ್ಟೋ ವರ್ಷ ಆಯಿತಲ್ಲ, ಇನ್ನೂ ಯಾಕೆ ಅಂತ. ಹೌದು, ನಮ್ಮಲ್ಲಿ ಕೊನೆಯ ಮಗುವಿಗೆ ಬಂದಿದ್ದು 2011ರ ಜನವರಿಯಲ್ಲಿ, ಆದರೆ ಪಕ್ಕದ ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಇನ್ನೂ ಇದೆ ಅಜ್ಜಿ, ಅಂದೆ. ಮೊಮ್ಮಗನನ್ನು ಕರೆತರುತ್ತೇನೆ ಅಂದರು, ಇವತ್ತು ತಂದಿದ್ದರು ಕೂಡ.

ಈಗ ರಾತ್ರಿ ಒಂಬತ್ತು ದಾಟಿದೆ. ಇದನ್ನು ಬರೆಯುತ್ತಿರುವಾಗಲೇ ಫೋನು ಸದ್ದು ಮಾಡಿತು. ಅವಳ ಅಮ್ಮನ ನಂಬರು. ಊರಿಗೆ ಹೋಗಲು ಇನ್ನೂ ಮೂರು ವಾರ ಇದೆ, ಇವತ್ತೇ ಶುರು ಮಾಡಿದ್ದಾರೆ. ಹಿಂದೆ ಕುಕ್ಕರ್ ಸೀಟಿ, ತಮ್ಮನ ಅಳು. ನಡುವೆ ಅವಳ ದನಿ, ತಾನೇ ಪಾಟಿ ಮೇಲೆ ಬರೆದದ್ದನ್ನು ಓದುತ್ತಿದ್ದಾಳೆ. ನನ್ನ. ತಮ್ಮನ. ಬೆರಳಿಗೆ. ಮಸಿ. ಅಲ್ಲಿ ನಿಂತಳು. ಸ್ವಲ್ಪ ಹೊತ್ತು ಕುಕ್ಕರ್ ಮಾತ್ರ ಕೇಳಿಸಿತು. “ಮುಂದ ಓದವಾ,” ಅಂತ ಅಮ್ಮ ಅಂದರು. ಹಚಿ, ಅಂದಳು. ಅಲ್ಲ, ತಮ್ಮ ಅದಾನ, ಅಂತ ತನಗೆ ತಾನೇ ಹೇಳಿಕೊಂಡಳು. ಹಚ್ಚಿದರು.