ಒಂದೇ ಕೇಸ್ ಪೇಪರ್ ಬೇಕು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮತ್ತೆಯ ಔಷಧಿ ಡಬ್ಬಿಯಲ್ಲಿ ಥೈರಾಯ್ಡ್, ಶುಗರ್ ಮಾತ್ರೆಗಳ ಪಕ್ಕದಲ್ಲೇ ಅಮೃತಬಳ್ಳಿ ಪುಡಿ, ಅಶ್ವಗಂಧ ಚೂರ್ಣ ಇವೆ. ಮಾತ್ರೆ ಬರೆದ ಡಾಕ್ಟರಿಗೆ ಪುಡಿಯ ವಿಷಯ ಗೊತ್ತಿಲ್ಲ, ಪುಡಿ ಕೊಟ್ಟ ವೈದ್ಯರಿಗೆ ಮಾತ್ರೆಯದ್ದು ಗೊತ್ತಿಲ್ಲ. "ಹೇಳಿದ್ರೆ ಬೈತಾರೆ ಕಣೋ" ಅಂತಾರೆ ಅತ್ತೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ಹಾಗಾಗಿ ನನಗೆ ನಿಜಕ್ಕೂ ಭಯ.

2005ರ ಗ್ರಾಮೀಣ ಆರೋಗ್ಯ ಮಿಷನ್‌ನಲ್ಲೇ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಆಯುಷ್, ಅಂದರೆ ಆಯುರ್ವೇದ, ಹೋಮಿಯೋಪತಿಯಂಥ ಪದ್ಧತಿಗಳ ವೈದ್ಯರನ್ನೂ ಕೂರಿಸುವ ಯೋಚನೆ ಇತ್ತು. 2014ರಲ್ಲಿ ಆಯುಷ್‌ಗೇ ಪ್ರತ್ಯೇಕ ಸಚಿವಾಲಯ ಬಂತು. 2022ರಲ್ಲಿ ಗೋವಾದ ಧಾರ್ಗಳದಲ್ಲಿ ದೊಡ್ಡ ಆಯುರ್ವೇದ ಸಂಸ್ಥೆಯೂ ಉದ್ಘಾಟನೆಯಾಯಿತು. ಕಟ್ಟಡ ಬೇಡ ಅನ್ನಲ್ಲ. ಆದರೆ ಅಕ್ಕಪಕ್ಕದ ಕೋಣೆಯಲ್ಲಿ ಕೂತ ಮಾತ್ರಕ್ಕೆ ಎರಡು ಪದ್ಧತಿ ಒಂದಾಗಲ್ಲ, ಅಲ್ವಾ?

2021ರಲ್ಲಿ ಇದೇ ಮುಂಬೈನ ಲಿವರ್ ತಜ್ಞರು, ಕೊರೊನಾ ಕಾಲದಲ್ಲಿ ಅಮೃತಬಳ್ಳಿ ತೆಗೆದುಕೊಂಡ ಕೆಲವರ ಲಿವರ್‌ಗೆ ತೊಂದರೆಯಾಗಿದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಗಿಡವನ್ನೇ ಸರಿಯಾಗಿ ಗುರುತಿಸಿಲ್ಲ ಅಂದಿತು. ವಾದ ಪತ್ರಿಕೆಗಳಲ್ಲಿ ನಡೆಯಿತು. ರೋಗಿಯ ರಕ್ತಪರೀಕ್ಷೆ ಮತ್ತು ಆತ ತಿಂದ ಪುಡಿ, ಎರಡನ್ನೂ ಇಬ್ಬರು ವೈದ್ಯರು ಒಂದೇ ಮೇಜಿನ ಮೇಲಿಟ್ಟು ನೋಡುವ ಪದ್ಧತಿಯೇ ನಮ್ಮಲ್ಲಿ ಬೇರೂರಿಲ್ಲ. ಸುಧಾರಣೆ ಮಾಡುವುದಾದರೆ ಮೊದಲು ಇದನ್ನು ಮಾಡಿ. ಎಲ್ಲ ಔಷಧಿಯೂ ಒಂದೇ ಕೇಸ್ ಪೇಪರಿನಲ್ಲಿ, ಅಂದರೆ ಡಾಕ್ಟರು ರೋಗಿಯ ವಿವರ ಬರೆಯುವ ಹಾಳೆಯಲ್ಲಿ ಬರಲಿ, ಚೂರ್ಣಕ್ಕೂ ಮಾತ್ರೆಯಷ್ಟೇ ಕಟ್ಟುನಿಟ್ಟಿನ ಪರೀಕ್ಷೆ ಆಗಲಿ, ರೋಗಿ ಬಾಯಿಬಿಟ್ಟರೆ ಯಾರೂ ಬೈಯದಿರಲಿ.

ಈ ಸಲ ಅತ್ತೆಯ ಜೊತೆ ನಾನೇ ಡಾಕ್ಟರ ಹತ್ತಿರ ಹೋಗುತ್ತೇನೆ, ಡಬ್ಬಿ ಸಮೇತ.