ಕ್ಲಿಪ್ಪಿನ ಕೆಳಗಿನ ಬಿಳಿ ಪುಡಿ

17 ನವೆಂಬರ್ 2024, ಭಾನುವಾರ
ಕುಂದಾಪುರ

ಬೆಳಿಗ್ಗೆ ಏಳಕ್ಕೆ ಅಂಗಳಕ್ಕೆ ಇಳಿದವನು ಕೈ ತೊಳೆದು ಒಳಗೆ ಬರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಬೆನ್ನು ಹಿಡಿದುಕೊಂಡಿದೆ. ಆದರೂ ಮರೆಯುವ ಮೊದಲು ಬರೆದಿಡುತ್ತೇನೆ.

ಕಳೆದ ತಿಂಗಳು ಅಮ್ಮನನ್ನು ಶೃಂಗೇರಿಗೆ ಕರೆದುಕೊಂಡು ಹೋಗುವಾಗ, ಆಗುಂಬೆ ಘಾಟಿಯ ಕೊನೆಯ ತಿರುವುಗಳಲ್ಲಿ ಅಪ್ಪನ 1998ರ ಮಾರುತಿ 800 ಬಿಸಿಯೇರಿತು. ಮುಳ್ಳು ಕೆಂಪು ಗೆರೆ ಮುಟ್ಟುವಷ್ಟರಲ್ಲಿ ಬದಿಗೆ ನಿಲ್ಲಿಸಿ ಮುಕ್ಕಾಲು ಗಂಟೆ ಕಾದೆವು. ರೇಡಿಯೇಟರಿನ ಮುಚ್ಚಳವನ್ನು ಮುಟ್ಟಲಿಲ್ಲ. ಬಿಸಿ ಇರುವಾಗ ಅದನ್ನು ತಿರುಗಿಸಿದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ತಣಿದ ಮೇಲೆ ನೋಡಿದರೆ ಮೇಲಿನ ಹೋಸ್ ಪೈಪಿನ ಬುಡದಲ್ಲಿ ಸಣ್ಣಗೆ ಒಸರು. ಊರಿಗೆ ಬಂದು ಕ್ಲಿಪ್ಪನ್ನು ಎರಡು ಸುತ್ತು ಬಿಗಿ ಮಾಡಿದೆ. ಹತ್ತು ದಿನ ನಿಂತಿತು, ಮತ್ತೆ ಶುರುವಾಯಿತು.

ಅಷ್ಟು ಸಣ್ಣ ಒಸರಿಗೆ ಎಂಜಿನ್ ಏಕೆ ಕುದಿಯಬೇಕು ಎಂದು ಅಮ್ಮ ಕೇಳಿದ್ದರು. ನೀರು ಕಡಿಮೆಯಾಗುವುದು ಒಂದು ಕಾರಣವಾದರೆ, ಒತ್ತಡ ನಿಲ್ಲದಿರುವುದು ಇನ್ನೊಂದು. ರೇಡಿಯೇಟರಿನ ಮುಚ್ಚಳದ ಮೇಲೆ 0.9 ಎಂದು ಬರೆದಿದೆ, ಅಂದರೆ ಚದರ ಸೆಂಟಿಮೀಟರಿಗೆ 0.9 ಕಿಲೋ ಒತ್ತಡ. ಅಷ್ಟು ಒತ್ತಡ ಒಳಗೆ ನಿಂತರೆ ಬರಿಯ ನೀರು ಕೂಡ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಒಸರಿನಲ್ಲಿ ಒತ್ತಡ ಸೋರಿಹೋದರೆ ನೂರಕ್ಕೇ ಕುದಿ ಬರುತ್ತದೆ, ಘಾಟಿಯ ಮೇಲೆ ಅದಕ್ಕೂ ತುಸು ಮೊದಲೇ.

ಇವತ್ತು ಹೋಸ್ ಪೈಪನ್ನು ಎಳೆದು ತೆಗೆಯಲು ಹೋಗಲಿಲ್ಲ. ಹಳೆಯ ರಬ್ಬರನ್ನು ತಿರುಚಿ ಎಳೆದರೆ ರೇಡಿಯೇಟರಿನ ಕತ್ತೇ ಮುರಿದು ಕೈಗೆ ಬರಬಹುದು. ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಬಾಳೆ ಹಣ್ಣಿನ ಸಿಪ್ಪೆಯಂತೆ ಬಿಡಿಸಿದೆ. ರಬ್ಬರ್ ಚೆನ್ನಾಗಿಯೇ ಇತ್ತು. ಎಂಜಿನ್ನಿನ ಕಡೆ ಅದು ಕೂತಿದ್ದ ಥರ್ಮೋಸ್ಟ್ಯಾಟ್ ಕ್ಯಾಪಿನ (ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟದ ಮೇಲಿನ ಮುಚ್ಚಳ) ಕತ್ತಿನ ತುಂಬ ಒದ್ದೆ ಸುಣ್ಣದಂಥ ಬಿಳಿ ಪುಡಿ. ಉಗುರಿನಿಂದ ಕೆರೆದೆ, ಚಕ್ಕೆಯಾಗಿ ಎದ್ದುಬಂತು. ಕೆಳಗೆ ಅಲ್ಯೂಮಿನಿಯಂ ಗೆದ್ದಲು ತಿಂದ ಮರದಂತೆ ಗುಳಿಗುಳಿ. ಕ್ಲಿಪ್ ಇದ್ದ ಜಾಗದಲ್ಲಿ ಒಂದು ಗುಳಿ ಆರಪಾರ ಹೋಗಿ, ಕ್ಯಾಪನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಆಕಾಶ ಕಾಣುತ್ತಿತ್ತು. ಇಂಥ ಕತ್ತಿನ ಮೇಲೆ ಎಷ್ಟು ಕ್ಲಿಪ್ ಬಿಗಿದರೂ ನೀರು ನಿಲ್ಲುವುದಿಲ್ಲ.

ಅಪ್ಪ ಬಂದು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಇಪ್ಪತ್ತಾರು ವರ್ಷ ಶನಿವಾರ ತಪ್ಪದೆ ರೇಡಿಯೇಟರಿಗೆ ನೀರು ಹಾಕಿದವರು ಅವರೇ. "ಬಾವಿ ನೀರಲ್ಲವೇ ಹಾಕಿದ್ದು?" ಎಂದರು. ನಮ್ಮ ಬಾವಿಯಿಂದ ಕಡಲು ಒಂದು ಕೂಗಳತೆ ದೂರ. ಮಾರ್ಚ್ ಕಳೆದರೆ ನೀರು ಸವುಳು. ಅನ್ನಕ್ಕೆ, ಚಹಾಕ್ಕೆ ಬೇರೆ ಕಡೆಯಿಂದ ತರುತ್ತೇವೆ, ಕಾರಿಗೆ ಮಾತ್ರ ಅದನ್ನೇ ಹಾಕಿದೆವು. ಅಲ್ಯೂಮಿನಿಯಂ ತನ್ನ ಮೇಲೆ ತೆಳುವಾದ ಪೊರೆಯೊಂದನ್ನು ಕಟ್ಟಿಕೊಂಡು ತನ್ನನ್ನು ಕಾಯ್ದುಕೊಳ್ಳುತ್ತದೆ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಹೋಸಿನ ತುದಿ ಮತ್ತು ಲೋಹದ ನಡುವಿನ ಸಂದಿಯಲ್ಲಿ ನೀರು ಹರಿಯದೆ ನಿಲ್ಲುವುದರಿಂದ, ಹೊಸ ಪೊರೆ ಕಟ್ಟಲು ಬೇಕಾದ ಆಮ್ಲಜನಕವೂ ಅಲ್ಲಿ ಸಿಗುವುದಿಲ್ಲ. ಇದನ್ನು ಹೇಳಿದಾಗ ಅಪ್ಪ, "ಮೊದಲೇ ಗೊತ್ತಿದ್ದರೆ ಹಾಕುತ್ತಿರಲಿಲ್ಲ" ಎಂದಷ್ಟೇ ಹೇಳಿದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಆ ಕಾರನ್ನು ಅವರಷ್ಟು ಅಕ್ಕರೆಯಿಂದ ನೋಡಿಕೊಂಡವರು ಇನ್ನಾರೂ ಇಲ್ಲ.

ಆ ಕ್ಯಾಪನ್ನು ಬಿಚ್ಚುವಾಗ ಅರ್ಧ ದಿನ ನುಂಗಿದ್ದು ಒಂದೇ ಒಂದು ಬೋಲ್ಟು. ಕ್ಯಾಪಿಗೆ ಇರುವುದು ಎರಡು. ಒಂದು 12ರ ಸ್ಪ್ಯಾನರಿಗೆ ಸುಲಭವಾಗಿ ಬಂತು, ಇನ್ನೊಂದು ಅಲುಗಲಿಲ್ಲ. ನಿನ್ನೆ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಇಲ್ಲಿ ಬಲ ಹಾಕಿದರೆ ಬೋಲ್ಟಿನ ತಲೆ ತುಂಡಾಗಿ, ಉಳಿದದ್ದನ್ನು ಕೊರೆದು ತೆಗೆಯಬೇಕಾಗುತ್ತದೆ. ಬಿಸಿಯಾದರೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ ಎಂಬುದು ನೆನಪಾಗಿ, ಅಮ್ಮನಿಂದ ಒಂದು ಚೊಂಬು ಕುದಿನೀರು ಇಸಿದುಕೊಂಡು ಬೋಲ್ಟಿನ ಸುತ್ತ ಸುರಿದೆ. ಸುತ್ತಿಗೆಯಿಂದ ತಲೆಗೆ ಮೆಲ್ಲಗೆ ತಟ್ಟಿದೆ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಹಿಂದಕ್ಕೆ ತಿರುಗಿಸಿದೆ. ಮೂರನೇ ಚೊಂಬಿಗೆ "ಟಕ್" ಎಂದಿತು. ಅಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಹಳೆಯ ಪ್ಯಾಕಿಂಗನ್ನು ಬಿದಿರಿನ ಸೀಳಿನಿಂದ ಕೆರೆದು ತೆಗೆದೆ. ಉಳಿ ಹಾಕಿದರೆ ಮೆತ್ತನೆಯ ಲೋಹಕ್ಕೆ ಗೀರು ಬಿದ್ದು ಮತ್ತೆ ಒಸರುತ್ತದೆ. ಹೊಸ ಕ್ಯಾಪ್, ಹೊಸ ಪ್ಯಾಕಿಂಗ್, ಹೊಸ ಥರ್ಮೋಸ್ಟ್ಯಾಟ್. ವಾಟರ್ ಪಂಪಿಗೆ ನೀರು ತರುವ ಕಬ್ಬಿಣದ ಪೈಪಿನ ಬಾಯಿಯೂ ತುಕ್ಕು ತಿಂದು ಪದರಪದರವಾಗಿತ್ತು, ಅದನ್ನೂ ಬದಲಾಯಿಸಿದೆ. ಅದರ ಓ ರಿಂಗಿಗೆ (ನೀರು ಸೋರದಂತೆ ಹಾಕುವ ರಬ್ಬರ್ ಬಳೆ) ಗ್ರೀಸ್ ಹಚ್ಚಲಿಲ್ಲ, ಎಂಜಿನ್ ತಣಿಸುವ ದ್ರವವಾದ ಕೂಲಂಟಿನಲ್ಲೇ ಒದ್ದೆ ಮಾಡಿ ಕೂರಿಸಿದೆ. ಎಲ್ಲ ಹೋಸುಗಳೂ ಹೊಸವು.

ಕೊನೆಗೆ ಕೊಳವೆಗಳನ್ನು ತೊಳೆದು ಅರ್ಧ ಕೂಲಂಟ್, ಅರ್ಧ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತುಂಬಿದೆ. ಹೀಟರಿನ ಸನ್ನೆಯನ್ನು ಬಿಸಿಯ ಕಡೆಗೆ ಪೂರ್ತಿ ಸರಿಸಿ, ಮುಚ್ಚಳ ಹಾಕದೆ ತಣ್ಣಗಿನ ಎಂಜಿನ್ ಚಾಲೂ ಮಾಡಿ ಗುಳ್ಳೆಗಳು ನಿಲ್ಲುವವರೆಗೆ ಕಾದೆ. ಚೆಲ್ಲಿದ್ದನ್ನೆಲ್ಲ ಒರೆಸಿ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದೇನೆ. ಕೂಲಂಟ್ ಸಿಹಿ, ನಾಯಿ ನೆಕ್ಕಿದರೆ ಸಾಯಬಹುದು.

ಕಾರಿನ ಕೆಳಗೆ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬಿಳಿ ಬದಿ ಮೇಲಾಗಿ ಹಾಸಿ ಬಂದಿದ್ದೇನೆ. ಟಾರ್ಚ್ ಹಿಡಿದು ಅಪ್ಪ ಆಗಲೇ ಎರಡು ಸಲ ನೋಡಿ ಬಂದರು.