ಕಾರ್ನಾಕ್‌ನಲ್ಲಿ ಉಳಿದುಹೋದ ಇಟ್ಟಿಗೆ ರಾಶಿ

ಈಜಿಪ್ಟಿನ ಲಕ್ಸರ್‌ಗೆ ಹೋಗಿ ಬಂದವರೆಲ್ಲ ಕಾರ್ನಾಕ್ ದೇವಸ್ಥಾನದ ಕಂಬಗಳ ಬಗ್ಗೆ ಹೇಳುತ್ತಾರೆ. ಹೇಳಲೇಬೇಕು ಬಿಡಿ. ಆದರೆ ನಮ್ಮಕ್ಕ ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದು ಒಂದು ಹಸಿ ಇಟ್ಟಿಗೆಯ ರಾಶಿ ಮುಂದೆ.

ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೆಯುತ್ತಾರೆ. ನಾವು ಒಳಗೆ ಕಾಲಿಟ್ಟಾಗ ಬಿಸಿಲು ಸುಡುತ್ತಿತ್ತು. "ದಾರಿಯಲ್ಲೇ ಇದೆ, ಐದೇ ನಿಮಿಷ" ಅಂತ ಟ್ಯಾಕ್ಸಿಯವನು ಪಪೈರಸ್ (ಜೊಂಡಿನಿಂದ ಮಾಡಿದ ಕಾಗದ) ಅಂಗಡಿಗೆ ಒಯ್ದು ಕೂರಿಸಿದ್ದ. ಈಗ ನೆನೆದರೂ ಮೈ ಉರಿಯುತ್ತದೆ. ನೀವು ಹೋದರೆ ಅಂಗಡಿ ಬೇಡ ಅಂತ ಹತ್ತುವ ಮೊದಲೇ ಹೇಳಿ. ಟ್ಯಾಕ್ಸಿ ದುಡ್ಡನ್ನು ದೇವಸ್ಥಾನದ ಬಾಗಿಲು ತಲುಪಿದ ಮೇಲೇ ಕೊಡಿ.

ಮುಂಬಾಗಿಲಿನ ಗೋಪುರದ ಗೋಡೆ ಸುಮಾರು 113 ಮೀಟರ್ ಅಗಲ. ದಾಟಿ ಒಳಗೆ ಹೋಗಿ ಬಲಕ್ಕೆ ತಿರುಗಿದರೆ, ಆ ಗೋಡೆಗೆ ಒರಗಿಕೊಂಡಂತೆ ಮಣ್ಣಿನ ಇಟ್ಟಿಗೆಯ ದಿಬ್ಬ.

"ಇದೇನು, ಕಸ ಎತ್ತದೇ ಬಿಟ್ಟಿದ್ದಾರಾ?" ಅಂದೆ.

"ಕಸ ಅಲ್ವೋ, ಇದು ಅವರ ಸಾರವೆ" ಅಂದಳು ಅಕ್ಕ. ಅವಳು ಸಿವಿಲ್ ಎಂಜಿನಿಯರ್, ಈಗ ರಿಟೈರ್ ಆಗಿದ್ದಾಳೆ.

ಗೈಡ್ ಹೌದೆಂದು ತಲೆಯಾಡಿಸಿದ. ಗೋಡೆ ಏರಿದಂತೆ ಇಟ್ಟಿಗೆ ದಿಬ್ಬವನ್ನೂ ಏರಿಸಿ, ಅದರ ಮೇಲೆ ಕಲ್ಲು ಎಳೆಯುತ್ತಿದ್ದರಂತೆ. ಕೊನೆಗೆ ಮೇಲಿನಿಂದ ಕಲ್ಲನ್ನು ನಯ ಮಾಡುತ್ತಾ, ದಿಬ್ಬ ಇಳಿಸುತ್ತಾ ಬರಬೇಕು. ಇಲ್ಲಿ ಆ ಕೊನೆಯ ಕೆಲಸ ಆಗಲೇ ಇಲ್ಲ. ಈ ಗೋಪುರ ಕಟ್ಟಿಸಿದ್ದು ಒಂದನೇ ನೆಕ್ಟನೆಬೊ ಎಂಬ ರಾಜ ಎನ್ನುತ್ತಾರೆ, ಅಂದರೆ ಕ್ರಿ.ಪೂ. 4ನೇ ಶತಮಾನ.

"ಯಾಕೆ ನಿಲ್ಲಿಸಿದರು?" ಅಂತ ಅಕ್ಕ ಬಿಡಲಿಲ್ಲ. ಗೈಡ್ ಯುದ್ಧ, ಪರ್ಷಿಯನ್ನರು ಅಂತೆಲ್ಲ ಶುರು ಮಾಡಿದ.

ಅಕ್ಕ ನನ್ನ ಕಡೆ ತಿರುಗಿ, "ಕಂಟ್ರಾಕ್ಟರ್ ಬಿಲ್ ಪಾಸಾಗಿರಲ್ಲ ಕಣೋ" ಅಂದಳು.

ಪಕ್ಕದಲ್ಲೇ ಒಂದು ಕಂಬವೂ ಹಾಗೇ ನಿಂತಿದೆ. ಒರಟು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ, ಗುಂಡಗೆ ಕೆತ್ತಿಲ್ಲ. ಅಕ್ಕ ಅದರ ಸುತ್ತ ಎರಡು ಸಲ ಬಂದಳು.

ಇದನ್ನು ನೋಡಿದ ಮೇಲೆ ದೊಡ್ಡ ಕಂಬಗಳ ಮಂಟಪಕ್ಕೆ ಹೋದದ್ದು ಒಳ್ಳೆಯದೇ ಆಯಿತು. ಒಟ್ಟು 134 ಕಂಬ. ನಡುವಿನ 12 ಕಂಬಗಳು ಸುಮಾರು 21 ಮೀಟರ್ ಎತ್ತರ. ರಾಜ ಒಂದನೇ ಸೇತಿ ಕಟ್ಟಿಸಿ, ಮಗ ಎರಡನೇ ರಾಮ್ಸೆಸ್ ಮುಗಿಸಿದ್ದು. ಎಲ್ಲರೂ "ಅಬ್ಬಾ" ಅನ್ನುತ್ತಿದ್ದರು. ಅಕ್ಕ ಮಾತ್ರ ಇಷ್ಟಕ್ಕೆಲ್ಲ ಎಷ್ಟು ಮಣ್ಣು ಹೊತ್ತಿರಬೇಕು ಅಂತ ಮನಸ್ಸಲ್ಲೇ ಲೆಕ್ಕ ಹಾಕುತ್ತಿದ್ದಳು. 1899ರಲ್ಲಿ ಇಲ್ಲಿನ 11 ಕಂಬಗಳು ಬಿದ್ದು, ಆಮೇಲೆ ಮತ್ತೆ ಎತ್ತಿ ನಿಲ್ಲಿಸಿದರಂತೆ. "ನೋಡ್ದಾ, ಹೊಸಬರಿಗೂ ಬರುತ್ತೆ ಕೆಲಸ" ಅಂದಳು.

ಕೊಳದ ಹತ್ತಿರ ಕಲ್ಲಿನ ಜೀರುಂಡೆಗೆ ಜನ ಪ್ರದಕ್ಷಿಣೆ ಹಾಕುತ್ತಿದ್ದರು. ಏಳು ಸುತ್ತು ಹಾಕಿದರೆ ಅದೃಷ್ಟವಂತೆ. ನನಗದು ಸುಮ್ನೆ ಟೂರಿಸ್ಟ್ ಆಟ ಅನ್ನಿಸಿತು. ರಾತ್ರಿಯ ಸೌಂಡ್ ಅಂಡ್ ಲೈಟ್ ಶೋ ಅಂತೂ ಬರೀ ಗುಡುಗು ದನಿ, ಬಣ್ಣದ ದೀಪ. ಆ ದುಡ್ಡು ಉಳಿಸಿ ಬೆಳಿಗ್ಗೆ ಇನ್ನೊಂದು ಸಲ ಹೋಗುವುದು ಮೇಲು. ಬಿಸಿಲು ಏರುವ ಮೊದಲೇ ಇಟ್ಟಿಗೆ ರಾಶಿಯ ಮುಂದೆ ನಿಂತು ನೋಡಬಹುದು.